ಮುರಕಲ್ಲಿನ ಕಬ್ಬಿಣ, ನೆತ್ತರಿನ ಕಬ್ಬಿಣ

ನಮ್ಮ ಕುಂದಾಪುರದ ಕಡೆ ಕಬ್ಬಿಣಕ್ಕೆ ಬರವಿಲ್ಲ. ಬೈಂದೂರಿನಿಂದ ಬ್ರಹ್ಮಾವರದ ತನಕ ಗುಡ್ಡ ಅಗೆದಲ್ಲೆಲ್ಲ ಮುರಕಲ್ಲು. ಆ ಕಲ್ಲಿನ ಕೆಂಪು ಕಬ್ಬಿಣದ ತುಕ್ಕಿನದೇ. ಆದರೆ ತುಕ್ಕು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಈ ಮಣ್ಣಿನ ಸೂಕ್ಷ್ಮಜೀವಿಗಳದ್ದು ಸುತ್ತ ರಾಶಿ ಕಬ್ಬಿಣವಿದ್ದೂ ಉಪವಾಸದ ಬಾಳು. ಅವು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಒಂದು ಬಗೆಯ ಪುಟ್ಟ ಅಣುವನ್ನು ತಯಾರಿಸಿ ಹೊರಕ್ಕೆ ಬಿಡುತ್ತವೆ. ಅದು ಕಬ್ಬಿಣವನ್ನು ಕಚ್ಚಿಕೊಂಡ ಮೇಲೆ ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತವೆ. ವಿಜ್ಞಾನಿಗಳು ಇದನ್ನು ಸಿಡೆರೋಫೋರ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಕಬ್ಬಿಣ ಹೊರುವುದು ಎಂದು ಅರ್ಥ. ಗಾಳ ಎಂದರೆ ಹೊಳೆ ಬದಿಯ ನಮ್ಮವರಿಗೆ ಬೇಗ ತಿಳಿದೀತು.

ಕೆಸರಿನಲ್ಲಿ ಬೀಸುವ ಈ ಗಾಳ ಮನುಷ್ಯನ ನೆತ್ತರಿನಲ್ಲೂ ಕೆಲಸಕ್ಕೆ ಬರುತ್ತದೆ. ನಮ್ಮ ಮೈಯಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ, ಒಂದು ಮೊಳೆಗೆ ಸಾಕಾಗುವಷ್ಟು. ಅದರ ಬಹುಪಾಲು ಕೆಂಪು ರಕ್ತಕಣಗಳ ಒಳಗೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ಯಕೃತ್ತಿನಂಥ ಉಗ್ರಾಣಗಳಲ್ಲಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವ ಕಬ್ಬಿಣವನ್ನೂ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬಿಡಿಯಾಗಿ ತಿರುಗುವ ಕಬ್ಬಿಣ ಇಲ್ಲವೆಂದೇ ಹೇಳಬೇಕು.

ಈ ಬಿಗಿ ಕಾವಲಿನ ಅರ್ಥ ಹೊಳೆದದ್ದು ಕೋಳಿಮೊಟ್ಟೆಯಿಂದ. 1944ರಲ್ಲಿ ಅಮೆರಿಕದ ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲಿನ್ ಎಂಬಿಬ್ಬರು, ಹಸಿ ಮೊಟ್ಟೆಯ ಬಿಳಿಯಲ್ಲಿ ಆಮಶಂಕೆಯ ರೋಗಾಣು ಏಕೆ ಬೆಳೆಯುವುದಿಲ್ಲ ಎಂದು ನೋಡಹೊರಟರು. ಅದಕ್ಕೆ ಕಬ್ಬಿಣ ಬೆರೆಸಿದರು, ರೋಗಾಣು ಬೆಳೆಯಿತು. ಬಿಳಿಯೊಳಗಿನ ಒಂದು ಪ್ರೋಟೀನು ಕಬ್ಬಿಣವನ್ನು ಕಟ್ಟಿಹಾಕಿತ್ತು, ಅಷ್ಟೇ ಗುಟ್ಟು. ಎರಡು ವರ್ಷದ ಮೇಲೆ ಮನುಷ್ಯನ ರಕ್ತದಲ್ಲೂ ಅಂಥದೇ ಪ್ರೋಟೀನನ್ನು ಅವರು ತೋರಿಸಿದರು. ಅದೇ ಟ್ರಾನ್ಸ್‌ಫೆರಿನ್. ಮೊಟ್ಟೆಗೂ ಮನುಷ್ಯನಿಗೂ ಒಂದೇ ಯುಕ್ತಿ!

ಜ್ವರ ಬಂದಾಗ ದೇಹ ಈ ಕಾವಲನ್ನು ಇನ್ನೂ ಬಿಗಿ ಮಾಡುತ್ತದೆ. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಉಗ್ರಾಣದ ಬಾಗಿಲು ಮುಚ್ಚುತ್ತದೆ, ರಕ್ತದಲ್ಲಿ ಕಬ್ಬಿಣ ಇಳಿಯುತ್ತದೆ. ಆ ಹಾರ್ಮೋನಿನ ಪರಿಚಯವಾದದ್ದು 2000ದ ಆಚೀಚೆ. ಅಲ್ಲಿಯವರೆಗೆ ಜ್ವರದವನ ಮುಖ ಬಿಳಿಚಿದ್ದು ಕಂಡರೆ ಕಬ್ಬಿಣದ ಟಾನಿಕ್ ಕುಡಿಸಬೇಕು ಎಂದೇ ಎಲ್ಲರಿಗೂ ತೋರುತ್ತಿತ್ತು. ನಮ್ಮ ಮನೆಗಳ ಕಪಾಟಿನಲ್ಲಿ ಆ ಬಾಟಲಿಗೆ ಖಾಯಂ ಜಾಗ. ಹಾಗೆಂದು ಕ್ಷಯರೋಗಿಗೆ ಕಬ್ಬಿಣ ಕೊಡುವುದು ಕೇಡು ಎಂದು ಫ್ರಾನ್ಸಿನ ವೈದ್ಯ ಟ್ರೂಸೋ ಹತ್ತೊಂಬತ್ತನೆಯ ಶತಮಾನದಲ್ಲೇ ಎಚ್ಚರಿಸಿದ್ದ. ಆಗಿನ್ನೂ ಕ್ಷಯದ ರೋಗಾಣುವನ್ನೇ ಯಾರೂ ಕಂಡಿರಲಿಲ್ಲ! 1978ರಲ್ಲಿ ಸೊಮಾಲಿಯಾದ ಅಲೆಮಾರಿಗಳ ಮೇಲಿನ ಒಂದು ಅಧ್ಯಯನ ಪ್ರಕಟವಾಯಿತು. ಎಲ್ಲರೂ ರಕ್ತಹೀನರು. ಕಬ್ಬಿಣ ಪಡೆದವರಲ್ಲಿ 36 ಬಾರಿ ಸೋಂಕು ತಲೆಯೆತ್ತಿತು. ಬರಿಯ ಹುಸಿ ಮಾತ್ರೆ ನುಂಗಿದ ಹೆಚ್ಚುಕಡಿಮೆ ಅಷ್ಟೇ ಮಂದಿಯಲ್ಲಿ 7 ಬಾರಿ. ಒಳಗೆ ಮಲಗಿದ್ದ ಮಲೇರಿಯ, ಕ್ಷಯ ಎದ್ದು ಕುಳಿತಿದ್ದವು. ನಾಟಿ ಗದ್ದೆಯಲ್ಲಿ ದಿನವಿಡೀ ಬಗ್ಗುವ ನಮ್ಮ ಹೆಂಗಸರ ರಕ್ತಹೀನತೆ ಸುಳ್ಳಲ್ಲ, ಅವರಿಗೆ ಮಾತ್ರೆ ಬೇಕು. ಯಾವಾಗ ಎಂಬುದು ಬೇರೆ ಪ್ರಶ್ನೆ.

ದೇಹ ಬಾಗಿಲು ಮುಚ್ಚಿದರೆ ರೋಗಾಣು ಸುಮ್ಮನಿರುತ್ತದೆಯೆ? 1970ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಎಂಟೆರೋಬ್ಯಾಕ್ಟಿನ್ ಎಂಬ ಗಾಳವನ್ನು ಪತ್ತೆ ಮಾಡಿದವು. ಟ್ರಾನ್ಸ್‌ಫೆರಿನ್ನಿನ ಕೈಯಿಂದ ಕಬ್ಬಿಣ ಕಸಿಯುವಷ್ಟು ಅದರ ಹಿಡಿತ ಗಟ್ಟಿ. ಆ ಗಾಳವನ್ನೇ ನುಂಗಿಬಿಡುವ ಪ್ರೋಟೀನು ನಮ್ಮಲ್ಲಿದೆ ಎಂದು 2002ರಲ್ಲಿ ತಿಳಿಯಿತು. ಟೈಫಾಯ್ಡ್ ಬಳಗದ ರೋಗಾಣುಗಳು ಅದಕ್ಕೂ ಮದ್ದು ಅರೆದಿವೆ: ಗಾಳಕ್ಕೆ ಸಕ್ಕರೆ ಸವರಿ, ನಮ್ಮ ಪ್ರೋಟೀನಿನ ಹಿಡಿತಕ್ಕೆ ಸಿಗದಂತೆ ಮಾಡುತ್ತವೆ.

ನಮ್ಮ ಊರಿಗೆ ಹತ್ತಿರದ ಸಂಗತಿಯೆಂದರೆ ಮೆಲಿಯಾಯ್ಡೋಸಿಸ್. ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಲ್ಲಿ ಇದನ್ನು ಗುರುತಿಸಿ 1912ರಲ್ಲಿ ಬರೆದರು. ಆಮೇಲೆ ಬಹುಕಾಲ ಇದು ನಮ್ಮ ದೇಶದ ಕಾಯಿಲೆಯೆಂದು ಯಾರೂ ಎಣಿಸಲಿಲ್ಲ. ಕ್ಷಯದಂತೆ ಕಾಣುತ್ತದೆ, ಕ್ಷಯವಲ್ಲ. ಈ ಶತಮಾನದಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಕರಾವಳಿಯ ರೋಗಿಗಳಲ್ಲಿ ಇದನ್ನು ಮತ್ತೆ ಮತ್ತೆ ಗುರುತಿಸಿದ್ದಾರೆ. ಹೆಚ್ಚಿನವರು ಮಳೆಗಾಲದಲ್ಲಿ ಬಂದವರು, ಅನೇಕರಿಗೆ ಸಕ್ಕರೆ ಕಾಯಿಲೆ. ರೋಗಾಣುವಿನ ತವರು ಮಣ್ಣು ಮತ್ತು ಕೆಸರು ನೀರು. ಕಾಲಿನ ಗಾಯ ಅದಕ್ಕೆ ಬಾಗಿಲು. ಇದರ ಗಾಳ ಮ್ಯಾಲಿಯೋಬ್ಯಾಕ್ಟಿನ್. ಟ್ರಾನ್ಸ್‌ಫೆರಿನ್ನಿನಿಂದಲೂ ಅದು ಕಬ್ಬಿಣ ಎಳೆಯಬಲ್ಲದೆಂದು 1993ರಲ್ಲಿ ತೋರಿಸಲಾಯಿತು. ಅದೊಂದನ್ನೇ ಕಿತ್ತುಹಾಕಿದರೂ ಈ ರೋಗಾಣು ಸೋಲುವುದಿಲ್ಲ, ಬೇರೆ ದಾರಿಗಳಿವೆ.

ಗಾಳವನ್ನು ಕಳೆದುಕೊಂಡ ರೋಗಾಣು ನಿರುಪದ್ರವಿ ಎಂದು ನಂಬುವುದೂ ಕಷ್ಟ. 2009ರಲ್ಲಿ ಚಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿ ಮಾಲ್ಕಮ್ ಕಸಾದಬಾನ್ ಪ್ಲೇಗಿನಿಂದ ತೀರಿಕೊಂಡರು. ಅವರ ಪ್ರಯೋಗಾಲಯದಲ್ಲಿದ್ದದ್ದು ಕಬ್ಬಿಣ ಹಿಡಿಯುವ ಶಕ್ತಿ ಕಳೆದುಕೊಂಡಿದ್ದ ಸೊರಗಿದ ತಳಿ. ಆದರೆ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ವಂಶಪಾರಂಪರ್ಯ ತೊಂದರೆ ಅವರಿಗಿತ್ತೆಂದು ಆಮೇಲೆ ತಿಳಿಯಿತು. ಉಗ್ರಾಣವೇ ಉಕ್ಕಿ ಹರಿಯುತ್ತಿದ್ದಾಗ ಗಾಳದ ಅಗತ್ಯ ಬೀಳಲಿಲ್ಲವೋ ಏನೋ.

ಮೆಲಿಯಾಯ್ಡೋಸಿಸ್ಸಿನ ವಿಷಯದಲ್ಲಿ ಇಂಥದೇ ಸಾಕ್ಷಿ ಮಲೇಷ್ಯಾದ ಸಬಾ ಪ್ರಾಂತದಿಂದ 2015ರಲ್ಲಿ ಬಂತು. ಅಲ್ಲಿ ಈ ರೋಗಕ್ಕೆ ತುತ್ತಾದ ಮಕ್ಕಳಲ್ಲಿ ಥಲಸೀಮಿಯದವರು ಎದ್ದು ಕಾಣುವಷ್ಟಿದ್ದರು. ಪದೇ ಪದೇ ರಕ್ತ ಕೊಡಿಸಿಕೊಂಡು ಅವರ ಮೈಯಲ್ಲಿ ಕಬ್ಬಿಣ ಸೇರಿರುತ್ತದೆ. ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ಔಷಧ ಎಲ್ಲರಿಗೂ ಕ್ರಮವಾಗಿ ಸಿಗತೊಡಗಿದ ಮೇಲೆ ಆ ಮಕ್ಕಳಲ್ಲಿ ರೋಗ ಇಳಿಯಿತು.