ಬೀಡಿ ಉದ್ಯಮವೂ ಕಾರ್ಮಿಕ ಶಾಸನವೂ: ಬಂಟ್ವಾಳ–ಬೆಳ್ತಂಗಡಿ–ಮೂಡುಬಿದಿರೆ ಸೀಮೆಯನ್ನು ಕುರಿತ ಒಂದು ವಿವೇಚನೆ

ಮೂಡುಬಿದಿರೆ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ 1430ರ ಸಾವಿರ ಕಂಬದ ಬಸದಿಯೂ, ಬೆಳ್ತಂಗಡಿ ಎಂದೊಡನೆ 1604ರಲ್ಲಿ ವೇಣೂರಿನಲ್ಲಿ ನಿಂತ ಗೊಮ್ಮಟನೂ, ಬಂಟ್ವಾಳ ಎಂದೊಡನೆ ನೇತ್ರಾವತಿಯ ದೋಣಿ ವ್ಯಾಪಾರವೂ ನೆನಪಾಗುವುದು ಸಹಜ. ಇವುಗಳ ಮೇಲೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಈ ಮೂರು ಸೀಮೆಗಳ ಸಾವಿರಾರು ಮನೆಗಳಿಗೆ ಅಕ್ಕಿ, ಬಟ್ಟೆ, ಶಾಲೆಯ ಶುಲ್ಕಗಳನ್ನು ಒದಗಿಸಿದ ವಸ್ತುವಿಗೆ ಶಾಸನವಿಲ್ಲ, ಸ್ಮಾರಕವಿಲ್ಲ. ಅದು ಬೀಡಿ. ಅದನ್ನು ಕಟ್ಟಿದ ಕೈಗಳಿಗೂ, ಕಟ್ಟಿಸಿದ ಒಡೆಯರಿಗೂ, ನಡುವೆ ಬಂದ ಸರಕಾರದ ಕಾಯಿದೆಗೂ ಇದ್ದ ಸಂಬಂಧವನ್ನು ಈ ಲೇಖನದಲ್ಲಿ ನಾವು ಸಂಕ್ಷೇಪವಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಕೆಲಸದ ಕ್ರಮವನ್ನು ಗಮನಿಸಬೇಕು. ಊರಿನ ಪೇಟೆಯಲ್ಲಿ ಕಂಪೆನಿಯ ಪರವಾಗಿ ಗುತ್ತಿಗೆದಾರನೊಬ್ಬ ನಡೆಸುವ ‘ಬ್ರಾಂಚು’ ಇರುತ್ತದೆ. ಬೀಡಿ ಕಟ್ಟುವ ಹೆಂಗಸು ಅಲ್ಲಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲುಗಳನ್ನು ತೂಕದಂತೆ ಪಡೆದು ಮನೆಗೆ ಒಯ್ಯುತ್ತಾಳೆ. ಎಲೆಯನ್ನು ನೆನೆಸಿ, ಅಳತೆಗೆ ಸರಿಯಾಗಿ ಕತ್ತರಿಸಿ, ಗೆರಸೆಯನ್ನು (ತುಳುವಿನಲ್ಲಿ ತಡ್ಪೆ) ತೊಡೆಯ ಮೇಲಿಟ್ಟುಕೊಂಡು ಪುಡಿ ತುಂಬಿ ಸುರುಳಿ ಸುತ್ತಿ, ಬಾಯಿ ಮುಚ್ಚಿ, ನೂಲು ಬಿಗಿಯುತ್ತಾಳೆ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಮರಳಿ ಒಪ್ಪಿಸಿದಾಗ ಅಲ್ಲಿ ಪರೀಕ್ಷೆ ನಡೆಯುತ್ತದೆ. ಒಪ್ಪಿಗೆಯಾದುದಕ್ಕೆ ಸಾವಿರಕ್ಕೆ ಇಷ್ಟೆಂದು ಮಜೂರಿ ಬರುತ್ತದೆ, ಒಪ್ಪಿಗೆಯಾಗದುದು ತಳ್ಳಲ್ಪಡುತ್ತದೆ. ಲೆಕ್ಕವೆಲ್ಲ ಒಂದು ಚಿಕ್ಕ ಪುಸ್ತಕದಲ್ಲಿ ದಾಖಲಾಗುತ್ತದೆ. ಈ ವ್ಯವಸ್ಥೆಯಲ್ಲಿ ಯಂತ್ರವಿಲ್ಲ, ಹೊಗೆಗೂಡಿಲ್ಲ, ಸೀಟಿಯಿಲ್ಲ, ಹಾಜರಿಯ ಪಟ್ಟಿಯಿಲ್ಲ. ಇಲ್ಲದಿರುವ ಈ ವಸ್ತುಗಳೇ ನಮ್ಮ ಇತಿಹಾಸದ ಕೇಂದ್ರ ವಿಷಯವಾಗಿವೆ.

ಹೋಲಿಕೆಗಾಗಿ ಇದೇ ಜಿಲ್ಲೆಯ ಹಂಚಿನ ಕೈಗಾರಿಕೆಯನ್ನು ನೋಡಬಹುದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹಂಚಿನ ಕಾರ್ಖಾನೆ ಕಣ್ಣಿಗೆ ಕಾಣುವಂತಹುದು. ಅಧಿಕಾರಿ ಅದರ ಬಾಗಿಲಿಗೆ ಹೋಗಿ ಕೂಲಿಕಾರರನ್ನು ಎಣಿಸಬಹುದು. ಭಾರತದ ಕಾರ್ಖಾನೆ ಕಾಯಿದೆಗಳೆಲ್ಲವೂ 1881ರ ಮೊದಲನೆಯ ಕಾಯಿದೆಯಿಂದ ತೊಡಗಿ ಇಂತಹ ಕಟ್ಟಡವನ್ನೇ ಕಣ್ಮುಂದೆ ಇರಿಸಿಕೊಂಡು ರಚಿತವಾದವು. 1948ರ ಕಾಯಿದೆಯೂ ಯಂತ್ರಶಕ್ತಿಯಿದ್ದಲ್ಲಿ 10, ಇಲ್ಲದಲ್ಲಿ 20 ಮಂದಿ ಕೆಲಸಗಾರರಿರುವ ಸ್ಥಳವನ್ನೇ ಕಾರ್ಖಾನೆಯೆಂದು ಕರೆಯಿತು. ಕಟ್ಟಡವೇ ಇಲ್ಲದ ಉದ್ಯಮವನ್ನು ಈ ಬಲೆ ಹಿಡಿಯಲಾರದು.

ಬೀಡಿಯ ಕೆಲಸ ಆರಂಭದಿಂದಲೂ ಮನೆಗಳಲ್ಲೇ ನಡೆದುದಲ್ಲ. ಮದರಾಸು ಪ್ರಾಂತ್ಯದ ಪಟ್ಟಣಗಳಲ್ಲಿ ಅದು ಗಾಳಿಬೆಳಕಿಲ್ಲದ ಕೊಟ್ಟಿಗೆಗಳಲ್ಲಿ ನಡೆಯುತ್ತಿತ್ತು. 1931ರಲ್ಲಿ ವರದಿಯನ್ನೊಪ್ಪಿಸಿದ ರಾಯಲ್ ಕಾರ್ಮಿಕ ಆಯೋಗವು, ಕಾಯಿದೆಯ ಹೊರಗುಳಿದ ಇಂತಹ ಕಾರ್ಯಾಗಾರಗಳಲ್ಲಿ ಐದು ವರ್ಷದ ಮಕ್ಕಳೂ ವಾರದ ರಜೆಯಿಲ್ಲದೆ, ದಿನಕ್ಕೆ 10–12 ಗಂಟೆ, ಎರಡಾಣೆಯಷ್ಟು ಅಲ್ಪ ಕೂಲಿಗೆ ದುಡಿಯುತ್ತಿದ್ದುದನ್ನು ದಾಖಲಿಸಿದೆ. 1947ರಲ್ಲಿ ಮದರಾಸು ಸರಕಾರವು ಯಂತ್ರಶಕ್ತಿಯಿಲ್ಲದ ಕಾರ್ಖಾನೆಗಳಿಗಾಗಿಯೇ ಒಂದು ಕಾಯಿದೆಯನ್ನು ಮಾಡಿತು. ಕಾಯಿದೆ ಕೊಟ್ಟಿಗೆಯ ಬಾಗಿಲಿಗೆ ಬಂದಾಗ ಕೊಟ್ಟಿಗೆಗಳು ಒಡೆದು ಚಿಕ್ಕವಾದವು. ಒಡೆಯನ ಹೆಸರು ಹಿಂದಕ್ಕೆ ಸರಿದು ಗುತ್ತಿಗೆದಾರನ ಹೆಸರು ಮುಂದಕ್ಕೆ ಬಂತು. ಎಲೆಯೂ ಪುಡಿಯೂ ಮನೆಗಳಿಗೆ ನಡೆದವು. ಉದ್ಯಮದ ಸಂಘಟನೆಯಲ್ಲಾದ ಈ ಪರಿವರ್ತನೆಗೆ ಅಗ್ಗದ ಕೂಲಿಯೊಂದೇ ಕಾರಣವಲ್ಲ. ಕಾಯಿದೆಯಿಂದ ದೂರವಿರಬೇಕೆಂಬ ಲೆಕ್ಕಾಚಾರವೂ ಅಷ್ಟೇ ಪ್ರಬಲವಾದ ಕಾರಣವೆಂದು ನಾವು ತಿಳಿಯುತ್ತೇವೆ.

ಹಾಗಾದರೆ ಬೀಡಿ ಕಟ್ಟುವವರ ಯಜಮಾನ ಯಾರು? ಸುಮಾರು ಮೂರು ದಶಕಗಳ ಕಾಲ ಈ ಪ್ರಶ್ನೆ ನ್ಯಾಯಾಲಯಗಳನ್ನು ಕಾಡಿತು. 1958ರಲ್ಲಿ ಮಧ್ಯಪ್ರದೇಶದ ಚಿಂತಾಮಣ ರಾವ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೀಡಿ ಒದಗಿಸುವ ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರೇ ಹೊರತು ಕಾರ್ಖಾನೆಯ ಕೆಲಸಗಾರರಲ್ಲವೆಂದಿತು. ಮುಂದೆ 1960ರ ದಶಕದ ಆರಂಭದಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ, ಮನಬಂದಾಗ ಬಂದು ಮನಬಂದಾಗ ಹೋಗುವ ಬೀಡಿ ಕೆಲಸಗಾರನು ಕಾಯಿದೆಯ ಅರ್ಥದಲ್ಲಿ ಕಾರ್ಮಿಕನಲ್ಲವೆಂಬ ತೀರ್ಪು ಬಂದಿತು. ಸಮಯದ ನಿರ್ಬಂಧವಿಲ್ಲದಿರುವುದನ್ನು ಸ್ವಾತಂತ್ರ್ಯವೆಂದು ನ್ಯಾಯಾಲಯ ಎಣಿಸಿದುದನ್ನು ಇಲ್ಲಿ ಗಮನಿಸಬೇಕು. ಆದರೆ 1964ರಲ್ಲಿ ಮದರಾಸಿನಿಂದ ಬಂದ ದಿವಾನ್ ಮೊಹಿದೀನ್ ಸಾಹೇಬ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಬೇರೆ ನಿಲುವನ್ನು ತಾಳಿತು. ಗುತ್ತಿಗೆದಾರರೆನಿಸಿಕೊಂಡವರು ಕೈಯಲ್ಲಿ ಕಾಸಿಲ್ಲದ ಬಡವರು, ಕಂಪೆನಿಯ ಆಳುಗಳಷ್ಟೇ. ಒಪ್ಪಂದ ಪತ್ರಗಳು ತೋರಿಕೆಯವು. ಬೀಡಿ ಕಟ್ಟುವವರು ವಾಸ್ತವದಲ್ಲಿ ಕಂಪೆನಿಯ ನೌಕರರೇ ಎಂದು ಅದು ನಿರ್ಣಯಿಸಿತು.

1966ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಈ ಅನುಭವದ ಫಲ. ಒಡೆಯನಿಂದಾಗಲಿ ಗುತ್ತಿಗೆದಾರನಿಂದಾಗಲಿ ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಅದು ನೌಕರರೆಂದು ಸ್ಪಷ್ಟವಾಗಿ ಹೇಳಿತು. ಗುತ್ತಿಗೆದಾರನ ಹಿಂದಿರುವ ಮುಖ್ಯ ಒಡೆಯನನ್ನು ಹೊಣೆಗಾರನನ್ನಾಗಿ ಮಾಡಿತು. ಉದ್ಯಮದ ಆವರಣದಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ, 14 ವರ್ಷ ತುಂಬದ ಮಕ್ಕಳ ದುಡಿಮೆಗೆ ನಿಷೇಧ, ಸಂಜೆ 7ರಿಂದ ಬೆಳಗಿನ 6ರವರೆಗೆ ಹೆಂಗಸರ ಕೆಲಸಕ್ಕೆ ತಡೆ, ಸಂಬಳಸಹಿತ ರಜೆ, ಸಾಮಗ್ರಿ ನೀಡಿಕೆ ಮತ್ತು ಬೀಡಿಯ ತಿರಸ್ಕಾರಗಳ ಬಗೆಗಿನ ತಕರಾರುಗಳಿಗೆ ತೀರ್ಮಾನದ ದಾರಿ, ಇವೆಲ್ಲ ಅದರಲ್ಲಿದ್ದವು.

ಕಾಯಿದೆ ಕೇಂದ್ರದ್ದಾದರೂ ಅದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳದಾಗಿತ್ತು. ಇಲ್ಲಿ ನಮ್ಮ ಜಿಲ್ಲೆಯ ಭೂಗೋಳ ಪ್ರವೇಶಿಸುತ್ತದೆ. 1956ರ ನವೆಂಬರ್ 1ರವರೆಗೆ ಕಣ್ಣೂರೂ ಮಂಗಳೂರೂ ಒಂದೇ ಮದರಾಸು ಸರಕಾರದ ಅಧೀನದಲ್ಲಿದ್ದವು. ಅಂದಿನಿಂದ ಕಾಸರಗೋಡು ಸೀಮೆ ಕೇರಳಕ್ಕೂ, ದಕ್ಷಿಣ ಕನ್ನಡದ ಉಳಿದ ಭಾಗ ಮೈಸೂರು ರಾಜ್ಯಕ್ಕೂ ಸೇರಿ, ಭಾಷೆಗಾಗಿ ಎಳೆದ ಗಡಿ ಕಾರ್ಮಿಕ ಶಾಸನದ ಗಡಿಯೂ ಆಯಿತು. 1968ರಲ್ಲಿ ಕೇರಳದ ಇ. ಎಂ. ಎಸ್. ನಂಬೂದಿರಿಪಾಡರ ಸರಕಾರವು ಕಾಯಿದೆಯನ್ನು ಜಾರಿಗೆ ತಂದಾಗ, ಮಂಗಳೂರಿನ ದೊಡ್ಡ ಬೀಡಿ ಸಂಸ್ಥೆಗಳು ಕಣ್ಣೂರು ಭಾಗದ ತಮ್ಮ ಶಾಖೆಗಳನ್ನು ಮುಚ್ಚಿದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರ ನೆರವಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಗಡಿಯ ಆಚೆ ಕಾರ್ಮಿಕರು ಸಂಘಟಿತರಾಗಿ ಕೊಟ್ಟಿಗೆಗಳಲ್ಲಿ ಒಟ್ಟಿಗೆ ಕುಳಿತು ಕೆಲಸ ಮಾಡುತ್ತಿದ್ದರೆ, ಗಡಿಯ ಈಚೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗುಡ್ಡಬಯಲುಗಳಲ್ಲಿ ಚದರಿದ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಅದೇ ಕೆಲಸವನ್ನು ಮಾಡುತ್ತಿದ್ದರು.

ಈ ಹೆಂಗಸರು ಕೆಲಸವನ್ನು ಕೇವಲ ಬಲವಂತದಿಂದ ಹಿಡಿದರೆಂದು ಹೇಳುವುದು ಸರಿಯಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಜಿಲ್ಲೆಯ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ತುಂಡು ಗದ್ದೆ ಅಕ್ಕಿಯನ್ನು ಕೊಟ್ಟಿತೇ ಹೊರತು ನಗದನ್ನು ಕೊಡಲಿಲ್ಲ. ನಗದನ್ನು ಬೀಡಿ ಕೊಟ್ಟಿತು. ಹೊಸಿಲು ದಾಟದೆ, ತೊಟ್ಟಿಲು ತೂಗುತ್ತ, ಜಾತಿಮತಗಳ ಭೇದವಿಲ್ಲದೆ ಯಾವ ಮನೆಯವಳೂ ಮಾಡಬಹುದಾದ ಕೆಲಸವದು. ತನ್ನ ಹೆಸರಿನ ಪುಸ್ತಕ, ತನ್ನ ಕೈಗೆ ಬರುವ ಹಣ, ಇವು ಹೆಣ್ಣಿಗೆ ಮನೆಯಲ್ಲಿ ಒಂದು ಮಾತಿನ ಅಧಿಕಾರವನ್ನು ತಂದುಕೊಟ್ಟುದನ್ನು ನಾವು ಮರೆಯಬಾರದು.

ಅದೇ 1974ರಲ್ಲಿ ಮತ್ತೊಂದು ಘಟನೆ ನಡೆಯಿತು. 1966ರ ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿ ಉದ್ಯಮಿಗಳು ಹೂಡಿದ್ದ ದಾವೆಗಳನ್ನು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿ ಕಾಯಿದೆಯನ್ನು ಎತ್ತಿಹಿಡಿಯಿತು. ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಆ ತೀರ್ಪು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1976ರಲ್ಲಿ ಬೀಡಿಯ ಮೇಲೆ ಕರ ವಿಧಿಸಿ ಕಲ್ಯಾಣ ನಿಧಿಯನ್ನು ಸ್ಥಾಪಿಸಲಾಯಿತು. 1977ರಲ್ಲಿ ಭವಿಷ್ಯ ನಿಧಿ ಯೋಜನೆ ಬೀಡಿ ಉದ್ಯಮಕ್ಕೆ ವಿಸ್ತರಿಸಿತು. ಮನೆಯಲ್ಲಿ ದುಡಿಯುವವರಿಗೆ ಇದು ಅನ್ವಯಿಸದೆಂಬ ವಾದವನ್ನು 1985ರಲ್ಲಿ ಪಿ. ಎಂ. ಪಟೇಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಅಲ್ಲಿ ನೀಡಲಾದ ಕಾರಣ ಮನನೀಯವಾದುದು: ಬೀಡಿಯನ್ನು ತಿರಸ್ಕರಿಸುವ ಹಕ್ಕು ಯಾರಲ್ಲಿದೆಯೋ ಕೆಲಸದ ಮೇಲಿನ ಹತೋಟಿ ಅವರಲ್ಲಿದೆ. ಯಜಮಾನನು ಕಾರ್ಖಾನೆಯನ್ನು ಅಳಿಸಿದ, ಹಾಜರಿಯನ್ನು ಅಳಿಸಿದ, ತನ್ನ ಹೆಸರನ್ನೂ ಗುತ್ತಿಗೆದಾರನ ಹಿಂದೆ ಮರೆಸಿದ. ಆದರೆ ತಿರಸ್ಕಾರದ ಹಕ್ಕನ್ನು ಬಿಟ್ಟುಕೊಡಲಾರದೆ ಹೋದ. ಆ ಹಕ್ಕಿನಲ್ಲಿಯೇ ಅವನು ಗುರುತು ಸಿಕ್ಕಿದ.

ಆದರೂ ಕಾಯಿದೆ ಮುಟ್ಟಲಾರದ ಒಂದು ವಸ್ತು ಉಳಿಯಿತು: ಅದು ಹೊತ್ತು. ಒಂಬತ್ತು ಗಂಟೆಗಳ ಮಿತಿ ಉದ್ಯಮದ ಆವರಣಕ್ಕೆ ಸೇರಿದುದು, ಮನೆಯ ಜಗಲಿಗಲ್ಲ. ಕೂಲಿಯ ಅಳತೆ ಗಂಟೆಯಲ್ಲ, ಸಾವಿರ ಬೀಡಿ. ಪಳಗಿದ ಕೈಗೂ ಸಾವಿರವೆಂದರೆ ಇಡೀ ದಿನದ ಕೆಲಸ. ಅಡಿಗೆ, ದನಕರು, ಗದ್ದೆಯ ಕೆಲಸಗಳ ನಡುವೆ ಆ ದಿನವನ್ನು ಹೊಂದಿಸಬೇಕಾದವಳು ರಾತ್ರಿ ದೀಪದ ಬಳಿ ಎಲೆ ಕತ್ತರಿಸುತ್ತಾಳೆ. ಎಲೆ ಕಳಪೆಯಾಗಿ ಸಾವಿರಕ್ಕೆ ಸಾಲದಿದ್ದರೆ ಉಳಿದುದನ್ನು ತನ್ನ ದುಡ್ಡಿನಿಂದ ಕೊಂಡು ಲೆಕ್ಕ ತುಂಬಿಸಬೇಕಾಗುತ್ತದೆ. 1986ರ ಬಾಲಕಾರ್ಮಿಕ ಕಾಯಿದೆ ಬೀಡಿ ಕೆಲಸವನ್ನು ನಿಷಿದ್ಧ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತಾದರೂ, ಕುಟುಂಬದೊಡನೆ ಮನೆಯಲ್ಲಿ ಮಾಡುವ ಕೆಲಸಕ್ಕೆ ವಿನಾಯಿತಿಯಿತ್ತಿತು. ಬೀಡಿಯ ಬಾಯಿ ಮುಚ್ಚುವ ಎಳೆಯ ಬೆರಳುಗಳು ಆ ವಿನಾಯಿತಿಯೊಳಗೆ ಉಳಿದವು. ಕಾರ್ಖಾನೆಯಲ್ಲಿ ಒಡೆಯ ಹೊತ್ತನ್ನು ಕಸಿಯುತ್ತಿದ್ದರೆ ಅದಕ್ಕೆ ಸಾಕ್ಷಿಗಳಿರುತ್ತಿದ್ದರು. ಇಲ್ಲಿ ತನ್ನ ಹೊತ್ತನ್ನು ತಾನೇ ಕಸಿದುಕೊಳ್ಳುವಂತೆ ಕೂಲಿಯ ದರವನ್ನು ಇಡಲಾಗಿತ್ತು.

ಇನ್ನೊಂದು ಕಡೆ ಲಾಭ ಎಲ್ಲಿ ಸಂಚಯವಾಯಿತೆಂಬುದಕ್ಕೂ ದಾಖಲೆಯಿದೆ. ಮೇಲೆ ಹೇಳಿದ ಪಾಲುದಾರಿಕೆಯ ಸಂಸ್ಥೆ 1987ರಲ್ಲಿ ವಿಸರ್ಜನೆಗೊಂಡು, 1994ರಲ್ಲಿ ನ್ಯಾಯಾಲಯದ ಮೂಲಕ ಪಾಲುದಾರರ ನಡುವೆಯೇ 92 ಕೋಟಿ ರೂಪಾಯಿಗಳಿಗೆ ಮಾರಾಟವಾಯಿತು. ವ್ಯಾಪಾರ ಮುದ್ರೆ, ಕೃತಿಸ್ವಾಮ್ಯ, ತಾಂತ್ರಿಕ ಜ್ಞಾನಗಳಿಗೆ ಪ್ರತ್ಯೇಕವಾಗಿ ಕಟ್ಟಿದ ದೊಡ್ಡ ಮೌಲ್ಯಕ್ಕೆ ತೆರಿಗೆಯ ರಿಯಾಯಿತಿ ಸಲ್ಲುವುದೇ ಎಂಬ ವ್ಯಾಜ್ಯ 2015ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಕಂಪೆನಿಯ ಪರವಾಗಿ ತೀರ್ಮಾನವಾಯಿತು. ಇದರಲ್ಲಿ ಅಕ್ರಮವೇನೂ ಇಲ್ಲ. ಆದರೆ ಚೀಟಿಯ ಮೇಲಿನ ಹೆಸರಿಗೆ ಬೆಲೆಯಿದೆ, ಚೀಟಿಯೊಳಗಿನ ಬೀಡಿಯನ್ನು ಕಟ್ಟುವ ಬೆರಳಿನ ಕೌಶಲಕ್ಕೆ ಸಾವಿರದ ದರದ ಹೊರತು ಬೇರೆ ಬೆಲೆಯಿಲ್ಲ ಎಂಬುದನ್ನು ಇತಿಹಾಸಕಾರನು ಗುರುತಿಸದೆ ಇರಲಾರ.

ಕಾಯಿದೆ ಹೆಚ್ಚಾದರೆ ಉದ್ಯಮ ಓಡಿಹೋಗುತ್ತದೆ, 1968ರ ಕಣ್ಣೂರೇ ಇದಕ್ಕೆ ಸಾಕ್ಷಿ ಎಂದು ಕೆಲವರು ವಾದಿಸುವುದುಂಟು. ಈ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಕೆಲಸ ಕಳೆದುಕೊಂಡವರ ಸಂಕಟ ನಿಜವಾದುದು. ಆದರೆ ಉದ್ಯಮ ಓಡಿದುದು ಕಾಯಿದೆ ಇದ್ದುದರಿಂದಲ್ಲ, ಓಡಿಹೋಗಲು ಕಾಯಿದೆ ಜಾರಿಯಾಗದ ನೆಲ ಪಕ್ಕದಲ್ಲೇ ಇದ್ದುದರಿಂದ. ಇಂಗ್ಲೆಂಡಿನಲ್ಲಿಯೂ ಮನೆಮನೆಯಲ್ಲಿ ಸರಪಳಿ ಬೆಸೆಯುವ ಹೆಂಗಸರ ಅತಿದುಡಿಮೆಗೆ ಪರಿಹಾರ ದೊರೆತುದು, 1909ರ ಶಾಸನವು ಇಡೀ ಉದ್ಯಮಕ್ಕೆ ಒಂದೇ ಕನಿಷ್ಠ ದರವನ್ನು ನಿಗದಿಮಾಡುವ ಮಂಡಲಿಗಳನ್ನು ರಚಿಸಿದ ಮೇಲೆಯೇ. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರ ಬಗ್ಗೆ, ಎಂದರೆ ಮನೆಯಲ್ಲಿ ಕುಳಿತು ಪರರ ಉದ್ಯಮಕ್ಕೆ ದುಡಿಯುವವರ ಬಗ್ಗೆ, 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಸ್ಥಿರೀಕರಿಸಿಲ್ಲ.

ಈಚಿನ ವರ್ಷಗಳಲ್ಲಿ ಚಿತ್ರ ಮತ್ತೆ ಬದಲಾಗಿದೆ. 2017ರಲ್ಲಿ ಹೊಸ ತೆರಿಗೆ ಪದ್ಧತಿಯೊಡನೆ ಕಲ್ಯಾಣ ನಿಧಿಯ ಮೂಲವಾದ ಕರ ನಿಂತಿತು. 1966ರ ಕಾಯಿದೆ 2020ರ ಸಂಹಿತೆಯಲ್ಲಿ ಲೀನವಾಗಿ, ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ತಂಬಾಕಿನ ಕೆಡುಕು ಲೋಕಕ್ಕೆ ತಿಳಿದಿದೆ. ಬೀಡಿಯ ಕೆಲಸ ಕ್ಷೀಣಿಸುವುದನ್ನು ಯಾರೂ ದುಃಖಿಸಬೇಕಾಗಿಲ್ಲ. ದುಃಖಿಸಬೇಕಾದುದು, ಅದನ್ನು ಕಟ್ಟಿ ಬೆನ್ನು ಬಾಗಿದವರು ಬರಿಗೈಯಲ್ಲಿ ಉಳಿದರೆ ಮಾತ್ರ. ಬೀಡಿ ಹೋದರೂ ಪದ್ಧತಿ ಹೋಗುವುದಿಲ್ಲ. ಕೆಲಸಗಾರನನ್ನು ಸ್ವತಂತ್ರನೆಂದು ಕರೆದು, ಹೊತ್ತಿನ ಲೆಕ್ಕವಿಡದೆ, ತಿರಸ್ಕರಿಸುವ ಹಕ್ಕನ್ನು ಮಾತ್ರ ತನ್ನಲ್ಲಿರಿಸಿಕೊಳ್ಳುವ ಒಡೆತನ ಇಂದು ನಗರಗಳಲ್ಲಿ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಶಾಸನವು ಕಟ್ಟಡವನ್ನು ಹಿಂಬಾಲಿಸಿದರೆ ಸಾಲದು, ಕೆಲಸವನ್ನು ಹಿಂಬಾಲಿಸಬೇಕು ಎಂಬುದೇ ಈ ಸೀಮೆಯ ಇತಿಹಾಸ ಕಲಿಸುವ ಪಾಠವೆಂದು ನಮಗೆ ತೋರುತ್ತದೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಈ ಇತಿಹಾಸದ ಮೂಲಾಧಾರಗಳು ಪ್ರಾಚ್ಯ ಪತ್ರಾಗಾರಗಳಲ್ಲಿಲ್ಲ. ಮನೆಯ ಪೆಟ್ಟಿಗೆಗಳಲ್ಲಿ, ಮಾಸಿದ ಬೀಡಿ ಪುಸ್ತಕಗಳಲ್ಲಿ, ಭವಿಷ್ಯ ನಿಧಿಯ ಚೀಟಿಗಳಲ್ಲಿ ಇವೆ. ನಮ್ಮ ತರಗತಿಗಳಲ್ಲಿ ಕುಳಿತ ಎಷ್ಟೋ ವಿದ್ಯಾರ್ಥಿಗಳ ಶುಲ್ಕ ಆ ಪುಸ್ತಕಗಳಿಂದಲೇ ಬಂದಿದೆ. ಅವರು ತಮ್ಮ ತಾಯಿ, ಅಜ್ಜಿಯರ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಸಂಗ್ರಹಿಸಿ, ದಿನಕ್ಕೆ ಎಷ್ಟು ಕಟ್ಟಿದರು, ಎಷ್ಟು ತಳ್ಳಲ್ಪಟ್ಟಿತು, ಎಷ್ಟು ಹೊತ್ತಿಗೆ ದೀಪ ಆರಿಸಿದರು ಎಂದು ಕೇಳಿ ಬರೆದಿಡಬೇಕು. ತಾಮ್ರಪಟಗಳನ್ನು ಓದಲು ಕಲಿತ ಕಣ್ಣುಗಳು ಆ ಪುಸ್ತಕಗಳನ್ನೂ ಓದಲು ಕಲಿಯಲಿ.