ಗ್ರಂಥಭಂಡಾರದ ಹಳೆಯ ಪದ್ಧತಿ

ಡಾ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದನ್ನು ನೀವೆಲ್ಲ ಬಲ್ಲಿರಿ. ಅದಕ್ಕಾಗಿ ಅವರು ಊರೂರು ಅಲೆದು ಓಲೆಗರಿಗಳನ್ನು ಸಂಗ್ರಹಿಸಿದುದೂ ಸರ್ವವಿದಿತ. ಆದರೆ ಅವರ ಕೈ ಸೇರುವವರೆಗೆ ಆ ಗರಿಗಳು ಮನೆಮಠಗಳಲ್ಲಿ ಉಳಿದುದಾದರೂ ಹೇಗೆ?

ತಾಳೆಗರಿಗೆ ಹುಳು, ಗೆದ್ದಲು, ತೇವ ಇವೆಲ್ಲ ಶತ್ರುಗಳು. ನಮ್ಮ ಹಿರಿಯರು ಗರಿಗಳ ರಂಧ್ರದಲ್ಲಿ ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಯಿಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡುತ್ತಿದ್ದರು. ಆಗಾಗ ಬಿಚ್ಚಿ ಗಾಳಿಯಾಡಿಸಿ ನಿಂಬೆಹುಲ್ಲಿನ ಎಣ್ಣೆ ಸವರುತ್ತಿದ್ದರು. ಅದರ ವಾಸನೆಗೆ ಹುಳು ಸುಳಿಯದು, ಗರಿಯೂ ಬಿರುಸಾಗದು. ಅಕ್ಷರ ಮಸುಕಾದರೆ ಮತ್ತೆ ಮಸಿ ತೀಡುವರು. ಗರಿ ಶಿಥಿಲವಾದರೆ ಹೊಸ ಗರಿಗೆ ಪ್ರತಿ ಮಾಡುವರು. ಪ್ರತಿ ಮಾಡಿದವನು ಕೊನೆಯಲ್ಲಿ ತನ್ನ ಹೆಸರು, ಸಂವತ್ಸರ, ತಿಥಿಗಳನ್ನು ಬರೆದು, ತಪ್ಪಿದ್ದಲ್ಲಿ ತಿದ್ದಿ ಓದಬೇಕೆಂದು ಬೇಡಿಕೊಳ್ಳುತ್ತಿದ್ದುದೂ ಉಂಟು. ಇಂದಿನ ಎಷ್ಟು ಪ್ರಕಾಶಕರಲ್ಲಿ ಈ ವಿನಯವಿದೆಯೋ!

ಈ ಪದ್ಧತಿಯ ಫಲವನ್ನು ಮೈಸೂರಿನಲ್ಲಿ ಕಾಣಬಹುದು. ಅಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಾಲಯಕ್ಕೆ 1905ರಲ್ಲಿ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಕಟ್ಟೊಂದನ್ನು ಒಪ್ಪಿಸಿದರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಸ್ವತಃ ಓದಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಮುದ್ರಿಸಿದರು. ಗ್ರಂಥಪಾಲನೆಂದರೆ ಆಗ ಓದುವವನು. ವಿವರಣಾತ್ಮಕ ಸೂಚಿಯಲ್ಲಿ ಪ್ರತಿಯೊಂದು ಗ್ರಂಥದ ಆದ್ಯಂತ, ಗರಿಗಳ ಸಂಖ್ಯೆ, ಲಿಪಿ, ಈಗಿನ ಸ್ಥಿತಿ ಇವನ್ನು ಬರೆಯಬೇಕಿತ್ತು. ಕಟ್ಟು ಬಿಚ್ಚದೆ ಅದನ್ನು ಬರೆಯಲು ಬಾರದು.

ಗಣಕಯಂತ್ರವನ್ನು ನಾವು ನಿಂದಿಸುತ್ತಿಲ್ಲ. ದೂರದ ವಿದ್ಯಾರ್ಥಿಗೆ ಅದು ಮಾಡಿದ ಉಪಕಾರ ದೊಡ್ಡದು. ಆದರೆ 2023ರ ಅಕ್ಟೋಬರದಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಗಣಕಜಾಲದ ಮೇಲೆ ದುಷ್ಕರ್ಮಿಗಳು ದಾಳಿಯಿಟ್ಟಾಗ, ಗಣಕದೊಳಗಿನ ಗ್ರಂಥಸೂಚಿಯು 2024ರ ಜನವರಿಯವರೆಗೆ ಓದುಗರಿಗೆ ದೊರೆಯಲಿಲ್ಲ. ಪುಸ್ತಕಗಳು ಕಪಾಟಿನಲ್ಲಿಯೇ ಇದ್ದವು. ಎಲ್ಲಿವೆಯೆಂದು ಹೇಳುವ ಸೂಚಿ ಮಾತ್ರ ಇರಲಿಲ್ಲ. ಕಾರ್ಡುಗಳ ಪೆಟ್ಟಿಗೆಯನ್ನು ರದ್ದಿಗೆ ಹಾಕಿದ ನಮ್ಮ ಅನೇಕ ಗ್ರಂಥಾಲಯಗಳು ಇದನ್ನು ಗಮನಿಸಬೇಕು.

ಇದಕ್ಕಿಂತ ಹತ್ತಿರದ ಮಾತೊಂದಿದೆ. ಒಂದು ಸಂಗ್ರಹದ ಓಲೆಕಟ್ಟುಗಳ ಛಾಯಾಚಿತ್ರ ತೆಗೆಸಿ, ಇನ್ನು ಚಿಂತೆಯಿಲ್ಲವೆಂದು ಕಟ್ಟುಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಕೆಲವು ವರ್ಷಗಳ ತರುವಾಯ ನಾವು ಒಂದು ಪಾಠವನ್ನು ಹೋಲಿಸಿ ನೋಡಬೇಕಾಗಿ ಬಂದಿತು. ಚಿತ್ರದಲ್ಲಿ ನಡುವಿನ ಕೆಲವು ಗರಿಗಳು ಮಸುಕಾಗಿದ್ದವು. ತೆಗೆದಾಗ ಯಾರೂ ಅದನ್ನು ಗರಿಗೆ ಗರಿ ಹೋಲಿಸಿ ನೋಡಿರಲಿಲ್ಲ. ಮೂಲವನ್ನೇ ನೋಡೋಣವೆಂದು ಕಟ್ಟು ಬಿಚ್ಚಿದಾಗ ನಮ್ಮ ಅಂಗೈಗೆ ಹುಡಿ ಉದುರಿತು.

ನಿಮ್ಮ ಮನೆಯ ಅಟ್ಟದಲ್ಲಿ ಓಲೆಕಟ್ಟುಗಳಿದ್ದರೆ, ಈ ಮಹಾನವಮಿಗೆ ಇಳಿಸಿ, ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ ಬಿಚ್ಚಿರಿ. ಗರಿಗಳನ್ನು ಎಣಿಸಿ, ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಕಾಗದದ ಮೇಲೆ ಬರೆದು ಮಠಕ್ಕೆ ಕಳುಹಿಸಿರಿ. ಓದಲು ಬಾರದಿದ್ದರೆ ನಾವೇ ಬಂದು ಓದುವೆವು.