ಹೆರುವ ಹಕ್ಕು: ಮೈಸೂರಿನ ಆದೇಶ, ಬಿಜಾಪುರದ ಬದುಕು

ಮಗು ಬೇಕೇ, ಬೇಕಾದರೆ ಯಾವಾಗ ಎಂಬುದನ್ನು ಹೆಣ್ಣೇ ತೀರ್ಮಾನಿಸುವುದು ಹೆರುವ ಹಕ್ಕಿನ ತಿರುಳು. ಕರ್ನಾಟಕದಲ್ಲಿ ಸಂತಾನ ನಿಯಂತ್ರಣದ ಸೌಲಭ್ಯ ಮೊದಲು ಬಂತು. ಹಕ್ಕಿನ ಮಾತು ಬಹಳ ತಡವಾಯಿತು.

ಎರಡು ಆಡಳಿತ

1930ರಲ್ಲೇ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಆದರೆ ಬಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. 1956ರ ಏಕೀಕರಣದವರೆಗೂ ಮೈಸೂರಿನ ಆದೇಶ ಅವಕ್ಕೆ ಪರರಾಜ್ಯದ ಸುದ್ದಿ. ಮುಂಬೈಯಲ್ಲಿ ಸಂತಾನ ನಿಯಂತ್ರಣದ ಪರ ವಾದ ಹೂಡಿದ ರಘುನಾಥ ಕರ್ವೆ ಕಾಲೇಜಿನ ನೌಕರಿಯನ್ನೇ ಕಳೆದುಕೊಂಡರು. 1949ರಲ್ಲಿ ಅಲ್ಲಿಯೇ ಹುಟ್ಟಿದ ಭಾರತೀಯ ಕುಟುಂಬ ಯೋಜನಾ ಸಂಘದ ಮುಂದಾಳು ಧನ್ವಂತಿ ರಾಮರಾವ್ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು.

ಮಣಿಸರ

1950ರ ದಶಕದ ಆರಂಭದಲ್ಲಿ ರಾಮನಗರದಲ್ಲಿ, ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಿರುವ ‘ಸುರಕ್ಷಿತ ದಿನ’ಗಳ ಪ್ರಯೋಗ ನಡೆಯಿತು. ಆ ದಿನಗಳನ್ನು ಗುರುತಿಸಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಕತ್ತಲಲ್ಲಿ ಬಣ್ಣ ತಿಳಿಯದೆಂದು ಮಣಿಯ ಆಕಾರ ಬದಲಿಸಿದರು. ಮಣಿ ಸರಿಸುವುದು ಹೆಣ್ಣಿನ ಪಾಲಿಗೆ. ‘ಇವತ್ತು ಬೇಡ’ ಎಂದರೆ ಕೇಳುವುದು ಬಿಡುವುದು ಗಂಡನ ಮರ್ಜಿ.

ಆಪರೇಷನ್

ತುರ್ತುಪರಿಸ್ಥಿತಿಯ ಬಲವಂತದ ನಸಬಂದಿ ಗಂಡಸರನ್ನು ಬೆದರಿಸಿತು. ಆಮೇಲೆ ಹೊರೆಯೆಲ್ಲ ಹೆಂಗಸರ ಮೇಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ವಿವಾಹಿತೆಯರಲ್ಲಿ ಶೇ 57ರಷ್ಟು ಮಂದಿಗೆ ಸಂತಾನಹರಣ ಆಪರೇಷನ್ ಆಗಿತ್ತು. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು. ವಂಕಿ, ಮಾತ್ರೆ, ಇಂಜೆಕ್ಷನ್ ಇದ್ದೂ ಇಷ್ಟು! ಸಂತಾನಹರಣ ಶಿಬಿರಗಳನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ, ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ.

ಬಾಲ್ಯವಿವಾಹ, ಗರ್ಭಚೀಲ

ರಾಜ್ಯಮಟ್ಟದ ನಿಜವಾದ ಗೆಲುವು, ಎಳೆಯ ವಯಸ್ಸಲ್ಲೇ ಹೆರಿಗೆಗೆ ದೂಡುವ ಬಾಲ್ಯವಿವಾಹದ ವಿಷಯದಲ್ಲಿ. ಹೈಕೋರ್ಟ್ ಮೆಟ್ಟಿಲೇರಿದ ಅರ್ಜಿಯಿಂದ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ ರಚನೆಯಾಯಿತು. ಮುಂದೆ ಕರ್ನಾಟಕವು ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಮದುವೆ ಮೂಲದಲ್ಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿತು.

ಆದರೆ ಸಿಂದಗಿಯ ಗಡಿಯಾಚೆ, ಕಲಬುರಗಿಯಲ್ಲಿ, ಹೊಟ್ಟೆನೋವೆಂದು ಹೋದ ತಾಂಡಾದ ಹೆಂಗಸರ ಗರ್ಭಚೀಲವನ್ನೇ ತೆಗೆದ ಪ್ರಕರಣಗಳನ್ನು ಕರ್ನಾಟಕ ಜನಾರೋಗ್ಯ ಚಳವಳಿ ಬಯಲಿಗೆಳೆಯಿತು. ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಮಾಡುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಸಹಿ ಯಾರದು?

1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. ಕಾಯ್ದೆ ಒಪ್ಪುವ ಕಾರಣವಿದ್ದರೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಣ್ಣಿಗೆ ಸಾಮಾನ್ಯವಾಗಿ ಅವಳ ಒಪ್ಪಿಗೆಯೊಂದೇ ಬೇಕು. ಗಂಡನ ಸಹಿ ತನ್ನಿ ಎಂದು ಯಾರಾದರೂ ಕೇಳಿದರೆ, ಅದು ಕಾನೂನಿನಲ್ಲಿ ಇಲ್ಲ.